ಇಟ್ಟಿಗೆಯ ಗೋಡೆಯೂ ಬಿರುಗಾಳಿಯೂ

ಧಾನ್ಯದ ಉಗ್ರಾಣ, ದನದ ಕೊಟ್ಟಿಗೆ, ರೇಷ್ಮೆಹುಳು ಸಾಕುವ ಮನೆ ಮೊದಲಾದ ಉದ್ದನೆಯ ಕಟ್ಟಡಗಳನ್ನು ಕಟ್ಟಿಸುವವರು, ಗೋಡೆಯು ಮಾಡಿನ ಭಾರವನ್ನು ಹೊತ್ತರೆ ಸಾಕೆಂದು ಭಾವಿಸುವುದುಂಟು. ಆದರೆ ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯೊಡನೆ ಬರುವ ಬಿರುಗಾಳಿಯು ಗೋಡೆಯನ್ನು ಪಕ್ಕದಿಂದ ನೂಕುವುದು. ಇಟ್ಟಿಗೆಯ ಕೆಲಸವು ಮೇಲಿನಿಂದ ಅದುಮುವ ಭಾರವನ್ನು ಚೆನ್ನಾಗಿ ತಾಳುವುದಾದರೂ ಪಕ್ಕಕ್ಕೆ ಬಾಗಿಸುವ ಬಲವನ್ನು ಅಷ್ಟಾಗಿ ತಾಳಲಾರದು.

ಗಾಳಿಯ ವೇಗವು ಎರಡರಷ್ಟಾದರೆ ಅದರ ಒತ್ತಡವು ನಾಲ್ಕರಷ್ಟಾಗುವುದು. ಕಟ್ಟಡಗಳ ಲೆಕ್ಕಕ್ಕಾಗಿ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲವೇಗವೆಂದು ಗೊತ್ತುಮಾಡಿದೆ. 33 ಮೀಟರ್ ವೇಗದ ಗಾಳಿಯು ಚದರ ಮೀಟರೊಂದಕ್ಕೆ ಸುಮಾರು 66 ಕಿಲೋ ತೂಕದಷ್ಟು ಒತ್ತುವುದು. 10 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯ ಮೇಲೆ ಇದು 600 ಕಿಲೋಗಳನ್ನು ಮೀರುವುದು. ಒಂಟಿಯಾಗಿ ನಿಂತ 9 ಅಂಗುಲದ ಗೋಡೆಯು, ಗಾರೆಯ ಹಿಡಿತವನ್ನು ಎಣಿಸದಿದ್ದರೆ, ಸುಮಾರು 5 ಅಡಿ ಎತ್ತರದವರೆಗೆ ಮಾತ್ರ ತನ್ನ ತೂಕದಿಂದಲೇ ಇಂತಹ ಗಾಳಿಗೆ ಎದುರಾಗಿ ನಿಲ್ಲಬಲ್ಲುದು.

ಗೋಡೆಯನ್ನು 18 ಅಂಗುಲ ದಪ್ಪಕ್ಕೆ ಕಟ್ಟಿದರೆ ಈ ಶಕ್ತಿಯು ನಾಲ್ಕರಷ್ಟಾಗುವುದು ನಿಜ. ಇಟ್ಟಿಗೆಯ ಖರ್ಚೂ ಇಮ್ಮಡಿಯಾಗುವುದು. ಇದಕ್ಕಿಂತ ಅಡ್ಡಗೋಡೆಯೇ ಲೇಸು. ಅಡ್ಡಲಾಗಿ ಹಾಸಿದ ಹಲಗೆಯು ತುಳಿದರೆ ಬಾಗುವುದು, ಅಂಚಿನ ಮೇಲೆ ನಿಲ್ಲಿಸಿದರೆ ಬಾಗದು. ಹಾಗೆಯೇ ಗಾಳಿ ಬೀಸುವ ದಿಕ್ಕಿಗೆ ಉದ್ದವಾಗಿರುವ ಗೋಡೆಯು ಬಹು ಗಟ್ಟಿಯಾಗಿದ್ದು, ಗಾಳಿಗೆ ಎದೆಕೊಟ್ಟು ನಿಂತ ಗೋಡೆಗೆ ಆಸರೆಯಾಗುವುದು. ಎರಡೂ ಗೋಡೆಗಳನ್ನು ಒಟ್ಟಿಗೆ ಏರಿಸಿ, ಮೂಲೆಯಲ್ಲಿ ವರಸೆ ವರಸೆಗೂ ಇಟ್ಟಿಗೆಗಳು ಒಂದರೊಳಗೊಂದು ಸೇರುವಂತೆ ಕಟ್ಟಿಸತಕ್ಕದ್ದು. ಮೊದಲೊಂದನ್ನು ಮುಗಿಸಿ ಇನ್ನೊಂದನ್ನು ಅದಕ್ಕೆ ಬರಿದೆ ತಾಗಿಸಿದರೆ ನೋಟಕ್ಕೆ ಮೂಲೆಯೇ ಹೊರತು ಬಲಕ್ಕಲ್ಲ. ದನಗಳ ಓಡಾಟಕ್ಕೆ ಅಡ್ಡಗೋಡೆಯು ತೊಡಕಾಗುವಲ್ಲಿ, ಹತ್ತು ಹನ್ನೆರಡು ಅಡಿಗೊಂದರಂತೆ ಗೋಡೆಯೊಡನೆ ಹೆಣೆದ ಇಟ್ಟಿಗೆಯ ಒತ್ತುಗಂಬಗಳನ್ನು ಕಟ್ಟಿಸಬಹುದು.

ಮಾಡು ಗೋಡೆಗಳ ತಲೆಯನ್ನು ಹಿಡಿದುಕೊಳ್ಳುವುದು; ಆದರೆ ತಗಡಿನ ಮಾಡನ್ನು ಗಾಳಿಯೇ ಮೇಲಕ್ಕೆತ್ತುವುದು. ಅದನ್ನು ಬಿಗಿಯುವ ಕಬ್ಬಿಣದ ಸರಳುಗಳು ಮೇಲಿನ ಒಂದು ವರಸೆಯಲ್ಲಿ ಮಾತ್ರ ನಟ್ಟಿದ್ದರೆ ಆ ವರಸೆಯೂ ಮಾಡಿನೊಡನೆ ಏಳುವುದು. ಸರಳು ಆಳಕ್ಕೆ ಇಳಿದಷ್ಟೂ ಮಾಡನ್ನು ಅದುಮಿ ಹಿಡಿಯುವ ಗೋಡೆಯ ತೂಕವು ಹೆಚ್ಚುವುದು.

ಅಪಾಯವು ಅತಿಯಾಗಿರುವುದು ಗೋಡೆ ಎದ್ದು ಮಾಡು ಕೂರದಿರುವ ದಿನಗಳಲ್ಲಿ. ಗಾರೆಯಿನ್ನೂ ಹಸಿ, ತಲೆಯನ್ನು ಹಿಡಿಯುವುದೊಂದೂ ಇಲ್ಲ. ಆಗ ಗೋಡೆಯ ಎರಡು ಪಕ್ಕಕ್ಕೂ ಮರದ ಆಸರೆಗಳನ್ನು ಕೊಡಿಸಿ, ಮೋಡ ಕವಿದೊಡನೆ ಗೋಡೆಯ ಮರೆಯಲ್ಲಿ ಕುಳಿತ ಕೂಲಿಯವರನ್ನೂ ಮಕ್ಕಳನ್ನೂ ದೂರಕ್ಕೆ ಕಳುಹಿಸತಕ್ಕದ್ದು.