ಮೊಲದ ರಕ್ತ ನುಡಿದ ಸಾಕ್ಷ್ಯ

ಬಟ್ಟೆಯ ಮೇಲೊಂದು ಕಂದುಬಣ್ಣದ ಕಲೆ. ಅದು ರಕ್ತವೋ, ಬರಿಯ ಬಣ್ಣವೋ? ರಕ್ತವೇ ಆದರೆ ಮನುಷ್ಯನದೋ, ಕುರಿಯದೋ? ಹತ್ತೊಂಬತ್ತನೆಯ ಶತಮಾನ ಮುಗಿಯುವವರೆಗೂ ಈ ಕೊನೆಯ ಪ್ರಶ್ನೆಗೆ ನ್ಯಾಯಾಧೀಶರು ನೆಚ್ಚಬಹುದಾದ ಉತ್ತರ ವಿಜ್ಞಾನದಲ್ಲಿರಲಿಲ್ಲ.

1898ರಲ್ಲಿ ಜರ್ಮನಿಯ ಲೆಖ್ಟಿಂಗೆನ್ ಗ್ರಾಮದಲ್ಲಿ ಇಬ್ಬರು ಬಾಲಕಿಯರ ಕೊಲೆಯಾಯಿತು. ಸಂಶಯ ಹೊಕ್ಕಿದ್ದು ಲುಡ್ವಿಗ್ ಟೆಸ್ನೋ ಎಂಬ ಬಡಗಿಯ ಮೇಲೆ. ಉಡುಪಿನ ಮೇಲಿನ ಕಲೆಗಳು ಮರಕ್ಕೆ ಬಳಿಯುವ ಬಣ್ಣದವೆಂದು ಆತ ಸಾಧಿಸಿದ. ಆ ಮಾತನ್ನು ಸುಳ್ಳೆಂದು ತೋರಿಸಲಾರದೆ ಅಧಿಕಾರಿಗಳು ಅವನನ್ನು ಬಿಟ್ಟುಬಿಡಬೇಕಾಯಿತು. 1901ರ ಜುಲೈ ತಿಂಗಳಲ್ಲಿ ರ್ಯೂಗೆನ್ ದ್ವೀಪದಲ್ಲಿ ಇಬ್ಬರು ಎಳೆಯ ಸಹೋದರರು ಕೊಲೆಯಾದರು. ಅಲ್ಲಿಯೂ ಸಿಕ್ಕಿದವನು ಅದೇ ಟೆಸ್ನೋ. ಹೇಳಿದ್ದೂ ಅದೇ ಮಾತು. ಕೆಲವು ವಾರಗಳ ಹಿಂದೆ ಅಲ್ಲಿ ಯಾರೋ ಕುರಿಗಳನ್ನೂ ಕ್ರೂರವಾಗಿ ಕೊಂದಿದ್ದರು.

ಆದರೆ ಈ ವೇಳೆಗೆ, ಸಮೀಪದ ಗ್ರೈಫ್ಸ್‌ವಾಲ್ಡ್ ನಗರದಲ್ಲಿ ಪೌಲ್ ಊಲೆನ್‌ಹೂಟ್ ಎಂಬ ತರುಣ ವೈದ್ಯನು ಹೊಸದೊಂದು ಪರೀಕ್ಷೆಯನ್ನು ಪ್ರಕಟಿಸಿದ್ದನು. ಅದರ ತತ್ತ್ವ ಸರಳ. ಮೊಲದ ಶರೀರಕ್ಕೆ ಮನುಷ್ಯನ ರಕ್ತವನ್ನು ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಚುಚ್ಚಿದರೆ, ಆ ಪರಕೀಯ ಸಸಾರಜನಕವನ್ನು ಎದುರಿಸುವ ಪ್ರತಿದ್ರವ್ಯಗಳು ಮೊಲದ ರಕ್ತದಲ್ಲಿ ಹುಟ್ಟುತ್ತವೆ. ಬಳಿಕ ಮೊಲದ ರಕ್ತವನ್ನು ತೆಗೆದು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ತಿಳಿಯಾದ ಸೀರಂ ನಿಲ್ಲುತ್ತದೆ. ಒಣಗಿದ ಕಲೆಯನ್ನು ಉಪ್ಪುನೀರಿನಲ್ಲಿ ಕರಗಿಸಿ ಈ ಸೀರಮ್ಮಿಗೆ ಕೂಡಿಸಬೇಕು. ಮನುಷ್ಯನ ರಕ್ತವಾದರೆ ದ್ರವವು ಮಬ್ಬಾಗಿ ಕದಡುತ್ತದೆ. ಕುರಿಯದಾದರೆ ತಿಳಿಯಾಗಿಯೇ ಉಳಿಯುತ್ತದೆ. ಕುರಿಯ ರಕ್ತವನ್ನು ಗುರುತಿಸಲು ಕುರಿಯ ರಕ್ತ ಚುಚ್ಚಿಸಿಕೊಂಡ ಬೇರೊಂದು ಮೊಲ ಬೇಕು.

ಟೆಸ್ನೋನ ಬಟ್ಟೆಗಳು ಊಲೆನ್‌ಹೂಟನ ಮೇಜಿಗೆ ಬಂದವು. ಕಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕೆಲವು ಕುರಿಯ ರಕ್ತವೆಂದೂ ಹಲವು ಮನುಷ್ಯನ ರಕ್ತವೆಂದೂ ತಿಳಿದುಬಂದಿತು. ಮರದ ಬಣ್ಣದ ಕಥೆ ಅಲ್ಲಿಗೆ ಮುಗಿಯಿತು. ನ್ಯಾಯಾಲಯವು ಅವನನ್ನು ಅಪರಾಧಿಯೆಂದು ನಿರ್ಣಯಿಸಿತು.

ಇಂಥ ಪರೀಕ್ಷೆಗೂ ಮಿತಿಯುಂಟು. ಕುರಿಯ ಸೀರಂ ಮೇಕೆಯ ರಕ್ತವನ್ನೂ ಕದಡಬಲ್ಲದು. ಮನುಷ್ಯನ ಸೀರಂ ವಾನರನ ರಕ್ತವನ್ನೂ ಬಿಡದು. ಈ ತೊಡಕೇ ಕೇಂಬ್ರಿಜ್‌ನ ಜಾರ್ಜ್ ನಟಾಲನಿಗೆ ದಾರಿದೀಪವಾಯಿತು. ಸುಮಾರು 16,000 ಪರೀಕ್ಷೆಗಳನ್ನು ನಡೆಸಿ, ಕದಡು ಹೆಚ್ಚಿದಷ್ಟೂ ಪ್ರಾಣಿಗಳ ನಂಟು ಹತ್ತಿರವೆಂದು 1904ರಲ್ಲಿ ಆತ ತೋರಿಸಿಕೊಟ್ಟನು. ರಕ್ತಸಂಬಂಧವೆಂಬ ಮಾತಿಗೆ ಗಾಜಿನ ನಳಿಕೆಯಲ್ಲಿಯೇ ಪ್ರಮಾಣ ದೊರೆಯಿತು!

ರಕ್ತವು ಮನುಷ್ಯನದೆಂದು ಮೊಲದ ಸೀರಂ ಹೇಳಬಲ್ಲುದೇ ಹೊರತು ಯಾವ ಮನುಷ್ಯನದೆಂದು ಹೇಳಲಾರದು. ಆ ಕೆಲಸಕ್ಕೆ ಇಂದು ಡಿಎನ್‌ಎ ಪರೀಕ್ಷೆಯಿದೆ. ಆದರೂ, ಇಬ್ಬರು ಬಾಲಕಿಯರಿಗೆ ದೊರಕದ ಸಾಕ್ಷಿಯನ್ನು ಮೂರು ವರ್ಷಗಳ ನಂತರ ಇಬ್ಬರು ಬಾಲಕರಿಗೆ ಒದಗಿಸಿಕೊಟ್ಟದ್ದು ಮಾತು ಬಾರದ ಮೊಲ.