‘ರಿಯಾಕ್ಟಿವ್’ ಅಂದ್ರೆ ರೋಗ ಅಂತಲೇ ಅರ್ಥನಾ?

ಇಳಕಲ್‌ನಲ್ಲೋ ಹುನಗುಂದದಲ್ಲೋ ಒಂದು ರಕ್ತದಾನ ಶಿಬಿರ. ಗೆಳೆಯರ ಜೊತೆ ಹೋಗಿ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಸೆಲ್ಫಿ ಹಾಕಿ ಮರೆತೂ ಬಿಟ್ಟಿರುತ್ತೀರಿ. ಕೆಲವು ದಿನ ಬಿಟ್ಟು ರಕ್ತನಿಧಿಯಿಂದ ಫೋನ್: “ಒಂದ್ಸಲ ಬಂದು ಹೋಗ್ರಿ.” ಹೋದರೆ ಕೈಗೆ ಬರೋ ಚೀಟಿಯಲ್ಲಿ ಒಂದೇ ಸಾಲು, ‘ಆಂಟಿ ಎಚ್‌ಸಿವಿ: ರಿಯಾಕ್ಟಿವ್’.

ಹೆಪಟೈಟಿಸ್ ಸಿ ಬಹಳ ಮಂದಿಗೆ ಗೊತ್ತಾಗುವುದೇ ಹೀಗೆ. ರಕ್ತದಾನದಲ್ಲಿ, ಆಪರೇಷನ್‌ಗೆ ಮುಂಚಿನ ಪರೀಕ್ಷೆಯಲ್ಲಿ, ಬಸಿರಿನ ತಪಾಸಣೆಯಲ್ಲಿ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್‌ನಲ್ಲಿ ಕೂತಿರಬಲ್ಲದು. ‘ನನಗೆ ಕಾಮಣಿ ಆಗೇ ಇಲ್ವಲ್ಲ’ ಅನ್ನೋ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಆದರೆ ಆ ಒಂದು ಸಾಲು ಹೇಳುವುದು ಇಷ್ಟೇ: ಯಾವತ್ತೋ ಒಮ್ಮೆ ಈ ವೈರಸ್ ನಿಮ್ಮ ಮೈಗೆ ಹೊಕ್ಕಿರಬಹುದು, ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸಿದೆ. ವೈರಸ್ ಈಗಲೂ ಇದೆಯಾ? ಅದನ್ನು ಈ ಪರೀಕ್ಷೆ ಹೇಳುವುದಿಲ್ಲ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಯಾವ ಔಷಧಿಯೂ ಇಲ್ಲದೆ, ಆರು ತಿಂಗಳೊಳಗೆ ತಾವೇ ವೈರಸ್ಸನ್ನು ಹೊರಹಾಕುತ್ತಾರೆ. ಅವರಿಗೂ ಚೀಟಿಯಲ್ಲಿ ರಿಯಾಕ್ಟಿವ್ ಅಂತಲೇ ಬರುತ್ತೆ. ಒಮ್ಮೊಮ್ಮೆ ಪರೀಕ್ಷೆಯೇ ಸುಳ್ಳು ಪಾಸಿಟಿವ್ ತೋರಿಸುವುದೂ ಉಂಟು.

ಅದಕ್ಕೇ ಎರಡನೇ ಪರೀಕ್ಷೆ, ಎಚ್‌ಸಿವಿ ಆರ್‌ಎನ್‌ಎ. ಇದು ವೈರಸ್ಸನ್ನೇ ಹುಡುಕುತ್ತೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಕೊಂಡಿ ಹಾಕಿ ಎರಡನ್ನೂ ಜೋಡಿಸಿದ ಮೇಲೇ ಸೀರೆ. ಈ ಎರಡು ರಿಪೋರ್ಟುಗಳನ್ನೂ ಹಾಗೇ ಕೂಡಿಸಿ ಓದಬೇಕು. ಪ್ರತಿಕಾಯ ಇದೆ, ಆರ್‌ಎನ್‌ಎ ‘ನಾಟ್ ಡಿಟೆಕ್ಟೆಡ್’ ಅಂದರೆ ಸಾಮಾನ್ಯವಾಗಿ ಈಗ ಸೋಂಕಿಲ್ಲ. ಎರಡೂ ಇದ್ದರೆ ಚಿಕಿತ್ಸೆ ಬೇಕು.

ಇಲ್ಲಿ ಎದೆ ಒಡೆಸುವುದು ಅಂಕಿ. ‘18,00,000 ಐಯು/ಎಂಎಲ್’ ಅಂತ ನೋಡಿ ರಾತ್ರಿಯೆಲ್ಲ ಗೂಗಲ್ ಮಾಡೋರಿದ್ದಾರೆ. ಸಕ್ಕರೆ ಕಾಯಿಲೆಯ ಹಾಗೆ ಇಲ್ಲಿ ಅಂಕಿ ಹೆಚ್ಚಾದರೆ ಕಾಯಿಲೆ ಜೋರು ಅಂತಲ್ಲ. ಲಕ್ಷಗಟ್ಟಲೆ ವೈರಸ್ ಇದ್ದೂ ಲಿವರ್ ಗಟ್ಟಿಮುಟ್ಟಾಗಿರಬಹುದು, ಕಡಿಮೆ ಇದ್ದೂ ಹಾಳಾಗಿರಬಹುದು. ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ.

ಲಿವರ್ ಸ್ಥಿತಿ ತಿಳಿಯಲು ಬೇರೆ ಸಾಲುಗಳನ್ನು ನೋಡಬೇಕು: ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ಎಸ್‌ಜಿಪಿಟಿ ನಾರ್ಮಲ್ ಇದ್ದ ಮಾತ್ರಕ್ಕೆ ವೈರಸ್ ಇಲ್ಲ ಅನ್ನೋ ಹಾಗಿಲ್ಲ. ಪ್ಲೇಟ್‌ಲೆಟ್ ಇಳಿದಿದ್ದರೆ ಲಿವರ್‌ನಲ್ಲಿ ಗಾಯದ ಕಲೆ ಹೆಚ್ಚಿದೆಯಾ ಅಂತ ವೈದ್ಯರು ಅನುಮಾನಿಸುತ್ತಾರೆ. ಇವನ್ನೆಲ್ಲ ಸೇರಿಸಿದ ಲೆಕ್ಕಕ್ಕೆ ಫಿಬ್-4 ಅಂತ ಹೆಸರು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸಿ. ವಯಸ್ಸು 36, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.16 ಲಕ್ಷ ಅಂದುಕೊಳ್ಳಿ. ಮೇಲೆ 1728, ಕೆಳಗೆ 216 ಇಂಟು 8, ಅದೂ 1728. ಉತ್ತರ 1. ಇದು 1.45ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಹಾನಿ ಆಗಿರುವ ಸಾಧ್ಯತೆ ಕಡಿಮೆ, 3.25 ದಾಟಿದರೆ ಫೈಬ್ರೋಸ್ಕ್ಯಾನ್‌ನಂಥ ಪರೀಕ್ಷೆ ಬೇಕಾಗುತ್ತೆ. ಫೋನಿನಲ್ಲೇ ಲೆಕ್ಕ ಹಾಕಬಹುದು, ಆದರೆ ತೀರ್ಮಾನ ವೈದ್ಯರಿಗೇ ಬಿಡಿ. ಮೂವತ್ತೈದರೊಳಗಿನವರಿಗೆ ಈ ಲೆಕ್ಕ ಅಷ್ಟು ನೆಚ್ಚಿಕೆಯದ್ದೂ ಅಲ್ಲ.

ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಅದೂ ಇದ್ದರೆ, ಸಿ ಔಷಧಿ ತಗೊಳ್ಳುವಾಗ ಅದು ಕೆರಳಬಹುದು.

ಇನ್ನು ಖರ್ಚು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಖಾಸಗಿಯಲ್ಲಿ ದುಡ್ಡು ಸುರಿಯುವ ಮುಂಚೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಲ್ಲಿ ಕೆಲಸ ಅಂದರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಲಿವರ್ ಹದಗೆಡದವರಿಗೆ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆ, ದಿನಕ್ಕೊಮ್ಮೆ, ಹನ್ನೆರಡು ವಾರ. ನೂರಕ್ಕೆ ತೊಂಬತ್ತೈದರಷ್ಟು ಮಂದಿ ಗುಣವಾಗುತ್ತಾರೆ. 1989ರಲ್ಲಷ್ಟೇ ಗುರುತು ಸಿಕ್ಕ ವೈರಸ್ಸಿಗೆ ಇಷ್ಟು ಬೇಗ ಮದ್ದು ಸಿಕ್ಕಿದ್ದು ಸಣ್ಣ ಮಾತಲ್ಲ. ಲಸಿಕೆ ಮಾತ್ರ ಇನ್ನೂ ಇಲ್ಲ.

ಮನೆಯಲ್ಲಿ ತಾಟು, ಲೋಟ ಬೇರೆ ಇಡುತ್ತಾರೆ ನೋಡಿ, ಅದು ಬೇಡ. ಒಟ್ಟಿಗೆ ರೊಟ್ಟಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ. ಬ್ಲೇಡು, ಟೂತ್‌ಬ್ರಷ್, ಉಗುರು ಕತ್ತರಿ ನಿಮ್ಮದು ನಿಮಗೇ ಇರಲಿ. ಒಬ್ಬರಿಗೆ ಚುಚ್ಚಿದ ಸೂಜಿ, ಸಿರಿಂಜ್ ಇನ್ನೊಬ್ಬರಿಗೆ ಬಳಸಿದರೆ ಇದು ಹರಡುತ್ತೆ. ಸಣ್ಣ ಜ್ವರಕ್ಕೂ “ಒಂದು ಇಂಜೆಕ್ಷನ್ ಮಾಡ್ರಿ ಡಾಕ್ಟ್ರೇ” ಅಂತ ನಾವೇ ಕೇಳುವ ಚಟ ಬಿಡಬೇಕು. ಗಂಡ ಅಥವಾ ಹೆಂಡತಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಮಗು ಬೇಕೆಂದಿದ್ದರೆ ಮಾತ್ರೆ ಶುರುವಾಗುವ ಮೊದಲೇ ವೈದ್ಯರಿಗೆ ಹೇಳಿ.

ಹೆಂಡ ಮಾತ್ರ ಪೂರ್ತಿ ಬಂದ್. ವೈರಸ್ ಜೊತೆ ಕುಡಿತ ಸೇರಿದರೆ ಲಿವರ್ ಬೇಗ ಕೆಡುತ್ತೆ. ದುಶ್ಚಟಗಳನ್ನು ಜೋಳಿಗೆಗೆ ಹಾಕಿಸಿಕೊಂಡ ಇಳಕಲ್‌ನ ಮಹಾಂತ ಶಿವಯೋಗಿಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಜನ್ಮದಿನ ಆಗಸ್ಟ್ 1ನ್ನೇ ರಾಜ್ಯ ವ್ಯಸನಮುಕ್ತ ದಿನ ಅಂತ ಆಚರಿಸುತ್ತೆ.

ಮಾತ್ರೆ ಮುಗಿದು ಹನ್ನೆರಡು ವಾರಕ್ಕೆ ಮತ್ತೆ ಆರ್‌ಎನ್‌ಎ ಪರೀಕ್ಷೆ. ಆಗಲೂ ‘ನಾಟ್ ಡಿಟೆಕ್ಟೆಡ್’ ಬಂದರೆ ಗುಣವಾದಂತೆ. ಲಿವರ್ ಮೊದಲೇ ಗಟ್ಟಿಯಾಗಿದ್ದವರು ಆಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಬೇಕು. ಪ್ರತಿಕಾಯ ಮಾತ್ರ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ, ಹಾಗಂತ ಮತ್ತೆ ಸೋಂಕು ಬರದಂತೆ ಕಾಯುವುದಿಲ್ಲ. ರಕ್ತದಾನ ಇನ್ನು ಮಾಡುವಂತಿಲ್ಲ. ಹೊಸ ಕಂಪನಿಯ ಮೆಡಿಕಲ್‌ನಲ್ಲಿ, ವಿಮೆಯ ತಪಾಸಣೆಯಲ್ಲಿ ಮತ್ತೆ ‘ರಿಯಾಕ್ಟಿವ್’ ಅಂತಲೇ ಬರಬಹುದು. ಆಗ ತೋರಿಸೋಕೆ ಆ ಕೊನೆಯ ಆರ್‌ಎನ್‌ಎ ರಿಪೋರ್ಟು ಬೇಕು. ವಾಟ್ಸಾಪ್‌ನಲ್ಲಿ ಬಿಟ್ಟರೆ ಫೋನ್ ಬದಲಿಸಿದಾಗ ಹೋಗುತ್ತೆ, ಒಂದು ಪ್ರಿಂಟ್ ತೆಗೆದು ಮಾರ್ಕ್ಸ್ ಕಾರ್ಡ್ ಫೈಲಿನಲ್ಲಿಡಿ.