ಆಕ್ಸ್‌ಫರ್ಡಿನಿಂದ ಮಾರಿಷಸ್ ದ್ವೀಪಕ್ಕೆ

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿ, ಕಬ್ಬಿಣದ ಕಂಬಗಳು ಎತ್ತಿ ಹಿಡಿದಿರುವ ಗಾಜಿನ ಮಾಡಿನ ಕೆಳಗೆ, ಹಾರಲಾರದ, ತುದಿ ಬಾಗಿದ ಭಾರಿ ಕೊಕ್ಕಿನ ಪಕ್ಷಿಯೊಂದರ ಪ್ರತಿಕೃತಿಯನ್ನು ಇರಿಸಿದ್ದಾರೆ. ಅದು ಡೋಡೊ. ಹದಿನೇಳನೆಯ ಶತಮಾನ ಮುಗಿಯುವುದರೊಳಗಾಗಿ ಭೂಮಿಯ ಮೇಲಿಂದ ಅಳಿದುಹೋದ ಆ ಪಕ್ಷಿಜಾತಿಯದಾಗಿ, ಚರ್ಮಸಹಿತವಾಗಿ ಉಳಿದಿರುವ ಒಂದೇ ಒಂದು ಶಿರಸ್ಸು ಆ ಸಂಸ್ಥೆಯ ರಕ್ಷಣೆಯಲ್ಲಿದೆ; ಅದನ್ನು ಸೂಕ್ಷ್ಮವಾದ ಕ್ಷ-ಕಿರಣ ಪರೀಕ್ಷೆಗೆ ಒಳಪಡಿಸಿದ ವಿದ್ವಾಂಸರು, ತಲೆಬುರುಡೆಯ ಹಿಂಭಾಗದಲ್ಲಿ ಸೀಸದ ಸಣ್ಣ ಗುಂಡುಗಳು ನಾಟಿಕೊಂಡಿರುವುದನ್ನು ಕಂಡು, ಆ ಪ್ರಾಣಿ ಗುಂಡೇಟಿನಿಂದ ಸತ್ತಿತೆಂದು 2018ರಲ್ಲಿ ಪ್ರಕಟಪಡಿಸಿದರು. ಆ ನಗರದಲ್ಲಿ ಸಂಸಾರಸಹಿತಳಾಗಿ ನೆಲೆಸಿರುವ ನನ್ನ ತಂಗಿಯ ಮಗಳು, ಒಂದು ಜನವರಿಯ ಮಧ್ಯಾಹ್ನ ಆ ಪ್ರತಿಕೃತಿಯ ಮುಂದೆ ಬಹಳ ಹೊತ್ತು ನಿಂತಿದ್ದು, "ಮಾಮ, ಈ ಹಕ್ಕಿ ಇದ್ದ ಊರು ಈಗಲೂ ಇದೆಯಾ? ಅಲ್ಲಿಗೆ ನಾವು ಹೋಗಬಹುದಾ?" ಎಂದು ಕೇಳಿದಳು.

ಡೋಡೊ ಬದುಕಿದ್ದ ಮಾರಿಷಸ್ ದ್ವೀಪಕ್ಕೆ ನಾವು ಮಾಡಿದ ಯಾತ್ರೆಗೆ ಬೀಜ ಬಿದ್ದದ್ದು ಆ ಪ್ರಶ್ನೆಯಿಂದ. ಇಂಗ್ಲೆಂಡಿನಲ್ಲಿ ಜನವರಿ ತಿಂಗಳು, ಸಂಜೆ ನಾಲ್ಕೂವರೆಯ ಹೊತ್ತಿಗೇ ಕತ್ತಲು ಕವಿದು, ಮನೆಮನೆಯಲ್ಲಿಯೂ ಜನ ಮುಂಬರುವ ರಜೆಯ ಯೋಚನೆಗೆ ತೊಡಗುವ ಕಾಲ. ಬಿಸಿಲು, ತೆಂಗು, ಬೆಚ್ಚನೆಯ ಸಮುದ್ರ ಎಂಬ ಮೂರು ಆಸೆಗಳು ಅವರನ್ನು ಮಾಲ್ಡೀವ್ಸಿಗೋ ಕೆರಿಬಿಯನ್ ದ್ವೀಪಗಳಿಗೋ ಸೆಳೆಯುತ್ತವೆ. ಆ ಮೂರೂ ಮಾರಿಷಸಿನಲ್ಲಿ ದೊರೆಯುವುದಷ್ಟೇ ಅಲ್ಲದೆ, ಬ್ರಿಟಿಷರ ಇತಿಹಾಸವೂ ಭಾರತೀಯರ ಇತಿಹಾಸವೂ ಒಂದರೊಳಗೊಂದು ಹೆಣೆದುಕೊಂಡಿರುವ ಇಂತಹ ದ್ವೀಪ ಮತ್ತೊಂದು ವಿರಳವಾದುದರಿಂದ, ಬ್ರಿಟನ್ನಿನ ನಗರವೊಂದರಲ್ಲಿ ವಾಸಿಸುವ ನಮ್ಮವರು ಹೋಗಬೇಕಾದ ದ್ವೀಪ ಇದೇ ಎಂದು ನನ್ನ ಅಭಿಪ್ರಾಯ.

ಮಡಗಾಸ್ಕರಿನ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ, ಸುಮಾರು 65 ಕಿಲೋಮೀಟರ್ ಉದ್ದವೂ 45 ಕಿಲೋಮೀಟರ್ ಅಗಲವೂ ಆಗಿ ಹರಡಿಕೊಂಡಿರುವ ಈ ದ್ವೀಪ ಅಗ್ನಿಪರ್ವತದಿಂದ ಹುಟ್ಟಿದ್ದು. 1598ರಲ್ಲಿ ಇಲ್ಲಿಗೆ ಬಂದಿಳಿದ ಡಚ್ಚರು ತಮ್ಮ ರಾಜಕುಮಾರ ಮೌರಿಸನ ಹೆಸರನ್ನು ಇದಕ್ಕೆ ಇಟ್ಟರು. 1715ರಲ್ಲಿ ಫ್ರೆಂಚರು ವಶಪಡಿಸಿಕೊಂಡರು. 1810ರಲ್ಲಿ ಬ್ರಿಟಿಷರು ಗೆದ್ದುಕೊಂಡರು. 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾಯಿತು. ಬ್ರಿಟಿಷರ ಆಳ್ವಿಕೆ ಬಿಟ್ಟುಹೋದ ಗುರುತುಗಳು ಪ್ರವಾಸಿಗೆ ಮೊದಲ ದಿನವೇ ಉಪಯೋಗಕ್ಕೆ ಬರುತ್ತವೆ. ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ, ಇಂಗ್ಲೆಂಡಿನ ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ಗು ಅಲ್ಲಿನ ಗೋಡೆಗೂ ಹೊಂದುತ್ತದೆ. ಆದರೆ ಜನರ ಬಾಯಲ್ಲಿರುವ ಮಾತು ಇಂಗ್ಲಿಷಲ್ಲ. ಫ್ರೆಂಚಿನಿಂದ ಹುಟ್ಟಿದ ಕ್ರಿಯೋಲ್.

ಆಕ್ಸ್‌ಫರ್ಡಿನ ಗ್ಲಾಸ್ಟರ್ ಗ್ರೀನ್ ಬಸ್ ನಿಲ್ದಾಣದಿಂದ ಹೀಥ್ರೂ ವಿಮಾನನಿಲ್ದಾಣಕ್ಕೆ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಲಂಡನ್ನಿನಿಂದ ನೇರವಾಗಿ ಹೋಗುವ ವಿಮಾನ ಸುಮಾರು ಹನ್ನೆರಡು ಗಂಟೆ ಹಾರುತ್ತದೆ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಮೊದಲಾದ ನಗರಗಳವರು ದುಬೈಯಲ್ಲಿ ವಿಮಾನ ಬದಲಿಸುವುದು ರೂಢಿ. ಇಷ್ಟು ದೂರದ ಪ್ರಯಾಣವಾದರೂ, ಬೇಸಿಗೆಯಲ್ಲಿ ಎರಡು ದೇಶಗಳ ಗಡಿಯಾರಗಳಿಗೆ ಇರುವ ಅಂತರ ಮೂರೇ ಗಂಟೆಯಾದುದರಿಂದ ಮಕ್ಕಳ ನಿದ್ರೆ ಕೆಡುವುದಿಲ್ಲ.

ಕಷ್ಟವಿರುವುದು ಕಾಲವನ್ನು ಆರಿಸುವುದರಲ್ಲಿ. ಭೂಮಧ್ಯರೇಖೆಯ ದಕ್ಷಿಣಕ್ಕೆ ಇಪ್ಪತ್ತು ಡಿಗ್ರಿಯ ಮೇಲಿರುವ ಈ ನಾಡಿನಲ್ಲಿ ಋತುಗಳು ತಿರುವುಮುರುವು. ನವೆಂಬರಿನಿಂದ ಏಪ್ರಿಲಿನವರೆಗೆ ಅಲ್ಲಿ ಬೇಸಿಗೆ ಮತ್ತು ಮಳೆ. ಅದರಲ್ಲಿಯೂ ಜನವರಿಯಿಂದ ಮಾರ್ಚಿನವರೆಗೆ ಚಂಡಮಾರುತಗಳ ಭಯ. ಮೇ ತಿಂಗಳೂ ಅಕ್ಟೋಬರ್ ತಿಂಗಳೂ ಅತ್ಯುತ್ತಮವೆಂದು ತಿಳಿದವರೆಲ್ಲ ಹೇಳುತ್ತಾರಾದರೂ, ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಕ್ಕೆ ಆ ಸಲಹೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶಾಲೆಗಳು ಕೊಡುವ ರಜೆ ಒಂದೇ ವಾರದ್ದು, ಹನ್ನೆರಡು ಗಂಟೆ ಹಾರಿಹೋಗಿ ಒಂದೇ ವಾರದಲ್ಲಿ ಹಿಂತಿರುಗುವುದು ಹಣಕ್ಕೂ ದೇಹಕ್ಕೂ ನಷ್ಟ. ಹಾಗಾಗಿ ಜುಲೈ ಕೊನೆಯಲ್ಲಿ ಆರಂಭವಾಗುವ ದೀರ್ಘ ರಜೆಯನ್ನೇ ನಾವು ಆರಿಸಿಕೊಂಡೆವು. ಆಗ ಅಲ್ಲಿ ಚಳಿಗಾಲ. ಆದರೆ ಆ ಚಳಿಗಾಲವೆಂದರೆ ಕಡಲ ತೀರದಲ್ಲಿ ನಡುಹಗಲು ಇಪ್ಪತ್ತನಾಲ್ಕು ಇಪ್ಪತ್ತೈದು ಡಿಗ್ರಿಯ ಹಿತವಾದ ಬಿಸಿಲು, ಒಳನಾಡಿನ ಎತ್ತರದ ಊರಾದ ಕ್ಯೂರ್‌ಪಿಪಿನಲ್ಲಿ ತುಂತುರು ಮಳೆ ಮತ್ತು ಸ್ವೆಟರು ತೊಡಬೇಕಾದಷ್ಟು ತಂಪು. ಸಂಜೆ ಆರಕ್ಕೆ ಮೊದಲೇ ಸೂರ್ಯಾಸ್ತವಾಗುವುದರಿಂದ, ಆಕ್ಸ್‌ಫರ್ಡಿನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕನ್ನು ಕಂಡು ಅಭ್ಯಾಸವಾದವರು ಬೆಳಗಿನ ಜಾವವೇ ಏಳುವ ರೂಢಿ ಮಾಡಿಕೊಳ್ಳತಕ್ಕದ್ದು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆಂಬುದನ್ನು ನೆನಪಿನಲ್ಲಿಟ್ಟು, ಬಿಸಿಲು ಬೇಕಾದವರು ಉತ್ತರಕ್ಕೆ ತೆರೆದ ಕೊಠಡಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಇನ್ನು ಗಾಳಿಯ ವಿಷಯ. ಚಳಿಗಾಲದುದ್ದಕ್ಕೂ ಆಗ್ನೇಯ ದಿಕ್ಕಿನಿಂದ ವಾಣಿಜ್ಯ ಮಾರುತಗಳು ಬೀಸುತ್ತವೆ. ಪೂರ್ವತೀರದ ತೆಂಗುಗಳೆಲ್ಲ ಒಂದೇ ಕಡೆಗೆ ತಲೆ ಬಾಗಿ ಬೆಳೆದಿರುವುದನ್ನು ನೋಡಿದರೆ ಆ ಗಾಳಿಯ ಬಲ ತಿಳಿಯುತ್ತದೆ. ನನ್ನ ತಂಗಿಯ ನೆರೆಮನೆಯವರಿಗೆ ಒಬ್ಬ ಪ್ರವಾಸ ವ್ಯವಸ್ಥಾಪಕರು ರಿಯಾಯಿತಿ ದರವೆಂದು ಪೂರ್ವತೀರದ ಕೊಠಡಿಯನ್ನು ಆಗಸ್ಟ್ ತಿಂಗಳಿಗೆ ಮಾರಿದ್ದರು. ಆ ಸಂಸಾರ ಹತ್ತು ದಿನವೂ ಗಾಳಿಗೆ ಬೆನ್ನು ಕೊಟ್ಟು ಕುಳಿತು ಬಂದಿತು. ಜುಲೈ, ಆಗಸ್ಟಿನಲ್ಲಿ ಹೋಗುವವರು ಗಾಳಿಯ ಮರೆಯಲ್ಲಿರುವ ಪಶ್ಚಿಮದ ಫ್ಲಿಕ್-ಆಂ-ಫ್ಲಾಕನ್ನೋ, ವಾಯವ್ಯದ ತ್ರು-ಓ-ಬಿಶನ್ನೋ ಆರಿಸಬೇಕು. ದ್ವೀಪವನ್ನು ಬಹುಪಾಲು ಸುತ್ತುವರಿದಿರುವ ಹವಳದ ದಿಬ್ಬ ಮಹಾಸಾಗರದ ಅಲೆಗಳನ್ನು ಹೊರಗೇ ತಡೆದು ನಿಲ್ಲಿಸುವುದರಿಂದ, ಅಲ್ಲಿ ದಡದ ನೀರು ಕೆರೆಯಂತೆ ಶಾಂತ. ಈಜು ಬಾರದ ಮಕ್ಕಳೂ ಮೊಣಕಾಲುದ್ದದ ನೀರಿನಲ್ಲಿ ನಿಂತು ಮೀನುಗಳನ್ನು ಎಣಿಸಬಹುದು. ಮರಳಿನಲ್ಲಿ ಕಲ್ಲಿನಂತೆ ಅಡಗಿರುವ ವಿಷಮುಳ್ಳಿನ ಮೀನೊಂದುಂಟು, ಆದಕಾರಣ ನೀರಿಗಿಳಿಯುವಾಗ ರಬ್ಬರಿನ ಪಾದರಕ್ಷೆ ತೊಡದಿರುವುದು ಅವಿವೇಕ. ಮಲೇರಿಯಾ ಅಲ್ಲಿಂದ ನಿರ್ಮೂಲವಾಗಿದೆಯಾದರೂ ಡೆಂಗಿ ಜ್ವರ ಉಂಟು. ಸೊಳ್ಳೆಯ ಲೇಪನವನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು.

ವಿಮಾನ ಇಳಿಯುವುದು ದ್ವೀಪದ ಆಗ್ನೇಯ ಮೂಲೆಯಲ್ಲಿ, ಮಾಯೆಬೂರ್ ಎಂಬ ಹಳೆಯ ಪಟ್ಟಣದ ಸಮೀಪದಲ್ಲಿ. ರಾತ್ರಿಯಿಡೀ ಹಾರಿ ಬಂದು ದಣಿದವರು ಕೂಡಲೇ ಗಂಟೆಗೂ ಮಿಗಿಲಾದ ಮೋಟಾರು ಪ್ರಯಾಣ ಮಾಡಿ ಉತ್ತರತೀರಕ್ಕೆ ಓಡುವುದನ್ನು ಬಿಟ್ಟು, ಮೊದಲ ಎರಡು ರಾತ್ರಿಗಳನ್ನು ಆ ಊರಿನಲ್ಲಿಯೇ ಕಳೆಯಲೆಂದು ನಾನು ಹೇಳುತ್ತೇನೆ. 1810ರ ಆಗಸ್ಟಿನಲ್ಲಿ ಅಲ್ಲಿನ ಗ್ರಾಂ ಪೋರ್ ಕೊಲ್ಲಿಯಲ್ಲಿ ಫ್ರೆಂಚರು ಬ್ರಿಟಿಷ್ ನೌಕಾಬಲವನ್ನು ಸೋಲಿಸಿದರು. ಪ್ಯಾರಿಸಿನ ವಿಜಯದ್ವಾರದ ಮೇಲೆ ಆ ಯುದ್ಧದ ಹೆಸರನ್ನು ಕೆತ್ತಲಾಗಿದೆ. ಗಾಯಗೊಂಡ ಇಬ್ಬರು ಸೇನಾನಿಗಳನ್ನು, ಎಂದರೆ ಇಂಗ್ಲೆಂಡಿನ ವಿಲ್ಲೊಬಿಯನ್ನೂ ಫ್ರಾನ್ಸಿನ ದುಪೆರೆಯನ್ನೂ, ಒಂದೇ ಮನೆಗೆ ತಂದು ಶುಶ್ರೂಷೆ ಮಾಡಿದರು. ಆ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಅದರ ವರಾಂಡದಲ್ಲಿ ನಿಂತಾಗ, ನಾಲ್ಕು ತಿಂಗಳು ಕಳೆಯುವುದರೊಳಗಾಗಿ ದ್ವೀಪವನ್ನೇ ಗೆದ್ದುಕೊಂಡ ರಾಷ್ಟ್ರದ ಸೇನಾನಿ ಅಲ್ಲಿ ಶತ್ರುವಿನ ಪಕ್ಕದಲ್ಲಿ ಮಲಗಿ ಚೇತರಿಸಿಕೊಂಡನೆಂಬುದು ಮನಸ್ಸನ್ನು ತುಂಬಿತು.

ದ್ವೀಪದ ಒಳಕ್ಕೆ ಹೊಕ್ಕರೆ ಎಲ್ಲೆಲ್ಲೂ ಕಬ್ಬು. ಆ ಹಸುರಿನ ನಡುನಡುವೆ ಮನೆಯೆತ್ತರಕ್ಕೆ ಪೇರಿಸಿದ ಕರಿಗಲ್ಲಿನ ರಾಶಿಗಳು ನಿಂತಿರುತ್ತವೆ. ನಾನು ಕಾರು ನಿಲ್ಲಿಸಿ ಒಂದರ ಬಳಿಗೆ ಹೋಗಿ ನೋಡಿದೆ: ತೂತುತೂತಾದ ಜ್ವಾಲಾಮುಖಿಯ ಕಲ್ಲುಗಳು, ಕೆಲವು ತೆಂಗಿನಕಾಯಿಯಷ್ಟು, ಕೆಲವು ಇಬ್ಬರು ಸೇರಿ ಹೊರಬೇಕಾದಷ್ಟು, ಗಾರೆಯಿಲ್ಲದೆ, ಒಂದರ ಮೇಲೊಂದು, ಜಾರದಂತೆ ಜೋಡಿಸಿದವು, ಸಂದುಗಳಲ್ಲಿ ಬೂದುಬಣ್ಣದ ಪಾಚಿ. ಇಡೀ ದ್ವೀಪದ ನೆಲ ಇಂತಹ ಕಲ್ಲಿನಿಂದ ತುಂಬಿತ್ತು. ಅದನ್ನು ಬರಿಗೈಯಿಂದ ಹೆಕ್ಕಿ ಹೊಲ ಮಾಡಿದವರು ಮೊದಲು ಆಫ್ರಿಕದಿಂದಲೂ ಮಡಗಾಸ್ಕರಿನಿಂದಲೂ ಹಿಡಿದು ತಂದ ಗುಲಾಮರು, ಅನಂತರ ಭಾರತದಿಂದ ಬಂದ ಕರಾರು ಕೂಲಿಗಳು. 1835ರ ಫೆಬ್ರವರಿ 1ರಂದು ಇಲ್ಲಿ ಗುಲಾಮಗಿರಿ ರದ್ದಾಯಿತು. ಬ್ರಿಟಿಷ್ ಸರ್ಕಾರ ಪರಿಹಾರಧನ ಕೊಟ್ಟದ್ದು ಒಡೆಯರಿಗೆ, ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ನೈಋತ್ಯದ ಮೂಲೆಯಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿರುವ ಲ ಮೋರ್ನ್ ಎಂಬ 556 ಮೀಟರ್ ಎತ್ತರದ ಬೆಟ್ಟ ಓಡಿಹೋದ ಗುಲಾಮರ ಆಶ್ರಯಸ್ಥಾನವಾಗಿತ್ತು. ಬಿಡುಗಡೆಯ ಸುದ್ದಿ ತಿಳಿಸಲು ಬಂದವರನ್ನು ಹಿಡಿಯಲು ಬಂದವರೆಂದು ಭಾವಿಸಿ ಅವರು ಶಿಖರದಿಂದ ಹಾರಿ ಪ್ರಾಣಬಿಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಅದರ ಪಾದದಲ್ಲಿರುವ ಬಿಳಿಮರಳಿನ ತೀರ ದ್ವೀಪದ ಅತ್ಯಂತ ಸುಂದರ ತೀರಗಳಲ್ಲೊಂದು. ಅಲ್ಲಿ ಸ್ನಾನಕ್ಕಿಳಿಯುವವರು ಒಮ್ಮೆ ತಲೆಯೆತ್ತಿ ಆ ಬಂಡೆಯನ್ನು ನೋಡಬೇಕು.

ಗುಲಾಮರ ಬದಲಿಗೆ ದುಡಿಯಲು ಭಾರತದಿಂದ ಕೂಲಿಗಳನ್ನು ತರಿಸುವ ಏರ್ಪಾಡಿನಲ್ಲಿ, 'ಅಟ್ಲಾಸ್' ಎಂಬ ಹಡಗಿನಿಂದ 36 ಮಂದಿ 1834ರ ನವೆಂಬರ್ 2ರಂದು ರಾಜಧಾನಿಯಾದ ಪೋರ್ಟ್ ಲೂಯಿಸಿನಲ್ಲಿ ಇಳಿದರು. ಮುಂದಿನ ಎಂಬತ್ತೈದು ವರ್ಷಗಳಲ್ಲಿ ಕಲ್ಕತ್ತ, ಮದರಾಸು, ಮುಂಬಯಿ ಬಂದರುಗಳಿಂದ ಅವರನ್ನು ಹಿಂಬಾಲಿಸಿದವರು ಐದು ಲಕ್ಷಕ್ಕೆ ಸಮೀಪ. ಬಂದರಿನಲ್ಲಿ ಅವರನ್ನು ಇಳಿಸಿಕೊಂಡ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ವೈಭವವೇನೂ ಇಲ್ಲ. ಬಹುಭಾಗವನ್ನು ಹೆದ್ದಾರಿ ನುಂಗಿದೆ; ಉಳಿದಿರುವುದು ಅಡಿಗೆಮನೆಯ, ಆಸ್ಪತ್ರೆಯ, ಶೌಚಗಳ ಕಲ್ಲುಗೋಡೆಗಳು, ಮತ್ತು ಮೆಟ್ಟಿಲುಗಳ ಒಂದು ಸಾಲು. ಸವೆದು ನಡು ತಗ್ಗಾದ ಆ ಮೆಟ್ಟಿಲುಗಳ ಮುಂದೆ ನನ್ನ ತಂಗಿ ಬಹಳ ಹೊತ್ತು ಮೌನವಾಗಿ ನಿಂತಿದ್ದು, "ಅಣ್ಣ, ನಾವು ವಿಮಾನದಲ್ಲಿ ಕೂತು ಬಂದೆವು, ಇವರಿಗೆ ಎಲ್ಲಿಗೆ ಹೋಗುತ್ತೇವೆ ಅನ್ನುವುದಾದರೂ ಗೊತ್ತಿತ್ತಾ?" ಎಂದಳು. ಮೋಕಾ ಊರಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಆ ವಲಸಿಗರ ದಾಖಲೆಗಳನ್ನು ಕಾಪಾಡಿದ್ದಾರೆ. ತಮ್ಮ ಮುತ್ತಜ್ಜನ ಹೆಸರನ್ನೂ ಹಳ್ಳಿಯನ್ನೂ ಹುಡುಕಿಕೊಂಡು ಮೊಮ್ಮಕ್ಕಳು ಈಗಲೂ ಅಲ್ಲಿಗೆ ಬರುತ್ತಾರೆ. ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಹಿಂತಿರುಗುತ್ತಿದ್ದ ಗಾಂಧೀಜಿ 1901ರಲ್ಲಿ ಕೆಲವು ದಿನ ಈ ದ್ವೀಪದಲ್ಲಿ ತಂಗಿ, ಮಕ್ಕಳನ್ನು ಓದಿಸಿರೆಂದು ಇಲ್ಲಿಯ ಭಾರತೀಯರಿಗೆ ಹೇಳಿಹೋದರು.

ಘಾಟಿನಿಂದ ಹೊರಬಂದು ಪೇಟೆಯ ಬೀದಿಗೆ ಬಂದರೆ ಗಾಜಿನ ಪೆಟ್ಟಿಗೆಯಲ್ಲಿ ದಾಲ್‌ಪುರಿ ಇಟ್ಟುಕೊಂಡು ಮಾರುವವರು ಸಿಕ್ಕುತ್ತಾರೆ. ಬೇಯಿಸಿ ನುಣ್ಣಗೆ ಪುಡಿಮಾಡಿದ ಬೇಳೆಯನ್ನು ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸಿದ್ದು; ಎರಡೆರಡಾಗಿ, ಅವರೆಯಂತಹ ಕಾಳಿನ ಸಾರನ್ನೂ ಟೊಮೇಟೊ ಗೊಜ್ಜನ್ನೂ ಹಸಿಮೆಣಸಿನ ಚಟ್ನಿಯನ್ನೂ ಸವರಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬೆಲ್ಲ ಹಾಕದ ಒಬ್ಬಟ್ಟು ಎಂದು ಮಕ್ಕಳು ಅದಕ್ಕೆ ಹೆಸರಿಟ್ಟರು. ಅದರ ಪಕ್ಕದಲ್ಲಿಯೇ ಮಾರುವ 'ಗಾತೊ ಪಿಮಾ' ನಮ್ಮ ಆಂಬೊಡೆಯೇ. ಹೋಟೆಲಿನಲ್ಲಿ ಮೂರು ಹೊತ್ತಿನ ಊಟಕ್ಕೂ ಮುಂಗಡವಾಗಿ ಹಣ ಕಟ್ಟಿದವರು ಈ ರುಚಿಯನ್ನು ತಪ್ಪಿಸಿಕೊಳ್ಳುತ್ತಾರೆ. ಬೆಳಗಿನ ಉಪಾಹಾರವೊಂದನ್ನೇ ಗೊತ್ತುಮಾಡಿಕೊಂಡರೆ ಸಾಕು.

ಚಮಾರೆಲ್ ಎಂಬ ಊರಿನ ಏಳು ಬಣ್ಣದ ಮಣ್ಣು ಅರ್ಧ ಗಂಟೆಯ ನೋಟ. ಗಂಗಾತಲಾವಿಗೆ ಅರ್ಧ ದಿನವಾದರೂ ಬೇಕು. ಬೆಟ್ಟದ ಮೇಲಿನ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ಆ ಸರೋವರಕ್ಕೆ ಶಿವರಾತ್ರಿಯ ಕಾಲದಲ್ಲಿ ಲಕ್ಷಾಂತರ ಜನ, ಬಿಳಿಯ ಬಟ್ಟೆ ಉಟ್ಟು, ಅಲಂಕರಿಸಿದ ಕಾವಡಿಗಳನ್ನು ಹೊತ್ತು ಕಾಲ್ನಡೆಯಲ್ಲಿ ಬರುತ್ತಾರೆ. ದಡದ ರಸ್ತೆಯಲ್ಲಿ 33 ಮೀಟರ್ ಎತ್ತರದ ಶಿವನ ವಿಗ್ರಹ ನಿಂತಿದೆ. ನಾವು ಹೋದ ದಿನ ಮಂಜು ಮುಸುಕಿ, ತ್ರಿಶೂಲದ ತುದಿ ಮಾತ್ರ ಆಗಾಗ ಕಾಣಿಸುತ್ತಿತ್ತು.

ಕೊನೆಯ ದಿನಗಳಲ್ಲಿ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಇಲ್ ಓಜ್ ಎಗ್ರೆತ್ ಎಂಬ 26 ಹೆಕ್ಟೇರಿನ ಕಿರುದ್ವೀಪಕ್ಕೆ ದೋಣಿಯಲ್ಲಿ ಹೋದೆವು. ಪರದೇಶದ ಗಿಡಗಳನ್ನು ಕಿತ್ತು, ಇಲಿಗಳನ್ನು ನಿರ್ಮೂಲ ಮಾಡಿ, ಡೋಡೊ ಬದುಕಿದ್ದ ಕಾಲದ ಕಾಡನ್ನು ಅಲ್ಲಿ ಮತ್ತೆ ಬೆಳೆಸುತ್ತಿದ್ದಾರೆ. 1974ರಲ್ಲಿ ಕಾಡಿನಲ್ಲಿ ನಾಲ್ಕೇ ಉಳಿದಿದ್ದ ಮಾರಿಷಸಿನ ಚಿಕ್ಕ ಡೇಗೆಯನ್ನೂ, ಹತ್ತಕ್ಕೆ ಇಳಿದಿದ್ದ ನಸುಗೆಂಪು ಪಾರಿವಾಳವನ್ನೂ ಅಳಿವಿನಿಂದ ಪಾರುಮಾಡಿದವರಲ್ಲಿ ವೇಲ್ಸಿನಿಂದ ಹೋಗಿ ಅಲ್ಲಿಯೇ ದುಡಿದ ಕಾರ್ಲ್ ಜೋನ್ಸ್ ಪ್ರಮುಖರು. 2020ರ ಜುಲೈ 25ರಂದು 'ವಾಕಾಶಿಯೋ' ಎಂಬ ಹಡಗು ಇದೇ ತೀರದ ಹವಳದ ದಿಬ್ಬಕ್ಕೆ ಸಿಕ್ಕಿ, ಸಾವಿರ ಟನ್ನಿನಷ್ಟು ಎಣ್ಣೆ ಚೆಲ್ಲಿದಾಗ, ಊರವರು ಕಬ್ಬಿನ ಒಣತರಗನ್ನು ಬಟ್ಟೆಯಲ್ಲಿ ತುಂಬಿ ಹೊಲಿದು, ಉದ್ದನೆಯ ತಡೆಗಳನ್ನು ಮಾಡಿ ತಾವೇ ನೀರಿಗೆ ಬಿಟ್ಟರು. ಮರದ ಕೊಂಬೆಯ ಮೇಲೆ ಕೂತಿದ್ದ ಪಾರಿವಾಳವೊಂದನ್ನು ತೋರಿಸಿ, ಡೋಡೊ ಪಾರಿವಾಳದ ಕುಲಕ್ಕೇ ಸೇರಿದ್ದೆಂದು ಮಾರ್ಗದರ್ಶಿ ಹೇಳಿದಾಗ ಹುಡುಗಿ ಕಣ್ಣು ಮಿಟುಕಿಸದೆ ಅದನ್ನೇ ನೋಡಿದಳು.

ಹನ್ನೆರಡು ದಿನಗಳಿಗೆ ಕಡಿಮೆ ಇಲ್ಲದಂತೆ ಹೋಗಿ. ಅದರಲ್ಲಿ ಏಳನ್ನು ಕಡಲಿಗೆ ಕೊಡಿ, ಐದನ್ನು ಒಳನಾಡಿಗೆ ಉಳಿಸಿಕೊಳ್ಳಿ. ಆಪ್ರವಾಸಿ ಘಾಟಿಗೆ ಪ್ರವೇಶಶುಲ್ಕವಿಲ್ಲ. ಭಾನುವಾರ ಅದು ಮುಚ್ಚಿರುತ್ತದೆಯಾದುದರಿಂದ, ವಾರದ ನಡುವಿನ ಒಂದು ಬೆಳಗನ್ನು ಅದಕ್ಕಾಗಿ ವಿಮಾನದ ಟಿಕೆಟು ಕೊಳ್ಳುವಾಗಲೇ ಗುರುತು ಹಾಕಿಕೊಳ್ಳಿ.